ಊಟದ ಪಂಕ್ತಿಯ ಒಂಬತ್ತು ಸೆಕೆಂಡು

ಅವ್ವನ ಫೋಟೊ ಅಂತ ನಮ್ಮ ಮನೆಯಲ್ಲಿರುವುದು ಒಂದೇ. ಮದುವೆಯ ದಿನದ್ದು. ಅದರಲ್ಲಿ ಅವಳು ತಲೆ ತಗ್ಗಿಸಿ ಕೂತಿದ್ದಾಳೆ. ಹಣೆಗೆ ಕಟ್ಟಿದ ಬಾಸಿಂಗ ಮುಖದ ಮೇಲೆ ಇಳಿಬಿದ್ದಿದೆ. ಕಾಣುವುದು ಗದ್ದ ಮಾತ್ರ.

ನಾನು ಹನ್ನೊಂದು ತಿಂಗಳ ಕೂಸಾಗಿದ್ದಾಗ ಅವಳು ಕಾಮಾಲೆಯಾಗಿ ಹೋದಳು. ಅಪ್ಪ ಬೇರೆ ಮದುವೆಯಾಗಿ ಬೇರೆ ಊರು ಸೇರಿದ. ನನ್ನನ್ನು ಸಾಕಿದ್ದು ಅವ್ವನ ತಾಯಿ, ಮುತ್ತಮ್ಮಜ್ಜಿ. ಅವ್ವನ ಮುಖ ಹೇಗಿತ್ತು ಎಂದು ಚಿಕ್ಕಂದಿನಲ್ಲಿ ಕೇಳಿದಾಗಲೆಲ್ಲ ಅಜ್ಜಿ ಒಂದೇ ಮಾತು ಹೇಳುತ್ತಿದ್ದಳು.

“ವಿಡಿಯೋದಾಗೆ ಅವ್ಳೆ ಕಣ್ ಮಗಾ ನಿಮ್ಮವ್ವ. ಶಿವಸ್ವಾಮೇರ ಮಗಳ ಮದ್ವೆಗೆ ಬಡ್ಸಕ್ಕೆ ಓಗಿದ್ಲು, ಅಡುಗೆ ತಿಮ್ಮಯ್ಯನ ಜೊತೇಲಿ. ನೀನು ಆಗ ಒಟ್ಟೇಲಿ ಐದು ತಿಂಗ್ಳು. ಮನೇಗೆ ಬಂದೋಳೇ, ‘ಅವ್ವಾ, ನಾನೂ ವಿಡಿಯೋದಾಗೆ ಬಂದೆ, ಲೈಟು ಮೊಕಕ್ಕೇ ಬುಟ್ರು’ ಅಂದ್ಲು. ಮೂರು ದಿನ ಅದೇ ಮಾತು.”

ಆ ವಿಡಿಯೋವನ್ನು ಅವ್ವ ನೋಡಲಿಲ್ಲ. ಅಜ್ಜಿಯೂ ನೋಡಿರಲಿಲ್ಲ. ದೊಡ್ಡವರ ಮನೆಗೆ ಹೋಗಿ ಕ್ಯಾಸೆಟ್ ಹಾಕಿ ತೋರಿಸಿ ಎಂದು ಯಾರು ಕೇಳುತ್ತಾರೆ?

ನಾನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟೆ. ಆಗ ನಾವು ನರಸೀಪುರದಲ್ಲಿದ್ದೆವು. ರೇಷ್ಮೆ ನೂಲು ತೆಗೆಯುವ ಕಡೆ ಎರಡು ವರ್ಷ ಹರಿದ ಎಳೆ ಜೋಡಿಸುವ ಕೆಲಸ ಮಾಡಿದೆ. ಆಮೇಲೆ ನಂಜನಗೂಡಿಗೆ ಬಂದೆವು. ಈಗ ಎಂಟು ವರ್ಷದಿಂದ ಇಲ್ಲಿ ರವಿಕುಮಾರ್ ಅವರ ಸ್ಟುಡಿಯೋದಲ್ಲಿದ್ದೇನೆ. ಅವರನ್ನು ರವಿಯಣ್ಣ ಎನ್ನುತ್ತೇನೆ. ಆಧಾರ್ ಸೈಜಿನ ಫೋಟೊ ಕತ್ತರಿಸುವುದು, ಲ್ಯಾಮಿನೇಷನ್, ಮದುವೆಯ ಹಳೇ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಇಳಿಸುವುದು ನನ್ನ ಕೆಲಸ. ಈ ಕೊನೆಯದು ನನಗೆ ಇಷ್ಟ, ಯಾಕೆಂದರೆ ಮಾತಾಡಬೇಕಾಗಿಲ್ಲ. ನೋಡುತ್ತ ಕೂತರೆ ಆಯಿತು. ಯಾವ ಭಾಗ ಎಷ್ಟನೇ ನಿಮಿಷಕ್ಕೆ ಬರುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಕೊನೆಯಲ್ಲಿ ಗಿರಾಕಿಗೆ ಆ ಪಟ್ಟಿಯನ್ನೂ ಕೊಡುತ್ತೇವೆ.

“ನಮ್ಮ ಪಲ್ಲವಿ ವರ್ಷಕ್ಕೆ ಹನ್ನೆರಡು ಮಾತಾಡ್ತಾಳೆ, ತಿಂಗಳಿಗೊಂದು. ಈ ತಿಂಗಳದು ಖರ್ಚಾಗೋಯ್ತು, ಇನ್ನು ಮುಂದಿನ ತಿಂಗಳು ಬನ್ನಿ” ಎಂದು ರವಿಯಣ್ಣ ಗಿರಾಕಿಗಳ ಮುಂದೆ ನಗಾಡುತ್ತಾರೆ. ನಾನು ತಲೆ ಎತ್ತುವುದಿಲ್ಲ.

ಮೊನ್ನೆ ಮಾಘಮಾಸದಲ್ಲಿ ಒಬ್ಬರು ಮೇಡಂ ಬಂದರು. ನರಸೀಪುರದಲ್ಲಿ ಟೀಚರು. ಪ್ಲಾಸ್ಟಿಕ್ ಕವರಿನಿಂದ ಒಂದು ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟರು.

“ನಮ್ಮ ತಂದೆ ತೀರಿಹೋಗಿ ವರ್ಷ ಆಗ್ತಾ ಬಂತು. ತಿಥಿಗೆ ಎಲ್ಲರೂ ಸೇರ್ತಾರೆ. ಅಪ್ಪ ಓಡಾಡೋದು, ಮಾತಾಡೋದು ಅಂತ ಇರೋದು ಇದೊಂದರಲ್ಲೇ. ಧಾರೆ ಎರೆಯೋ ಭಾಗ ಒಂದು ಚೂರೂ ತುಂಡಾಗಬಾರದು. ಮುಖ ಚೆನ್ನಾಗಿ ಕಾಣಬೇಕು.”

ಕ್ಯಾಸೆಟ್ಟಿನ ಬೆನ್ನಿನ ಮೇಲೆ ಮಾಸಿದ ಚೀಟಿ ಇತ್ತು. ‘ಶಿವಸ್ವಾಮಿಯವರ ಮಗಳು ವನಜಾಕ್ಷಿಯ ಮದುವೆ, ತಿ. ನರಸೀಪುರ, 1999.’

ನಾನು ಅದನ್ನು ಎರಡು ಸಲ ಓದಿದೆ. ಮೇಡಂ ಮುಖ ನೋಡಿದೆ. ಹೇಳುವುದಾದರೂ ಏನು? ನಿಮ್ಮ ಮದುವೆಯಲ್ಲಿ ಸಾಂಬಾರು ಬಡಿಸಿದವಳ ಮಗಳು ನಾನು ಎಂದೇ?

ಅವರು ಹೋದ ಮೇಲೆ ರವಿಯಣ್ಣ ಕ್ಯಾಸೆಟ್ಟಿನ ಮುಚ್ಚಳ ಎತ್ತಿ ಬೆಳಕಿಗೆ ಹಿಡಿದರು. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು.

“ಆಯಸ್ಸು ಮುಗ್ದಿದೆ ಇದರದು. ಹತ್ತಿಯಲ್ಲಿ ಒರೆಸಿ ಹಾಕು. ಒಂದೇ ಓಟ. ನಡುವೆ ನಿಲ್ಲಿಸಬೇಡ, ಹಿಂದಕ್ಕೆ ತಿರುಗಿಸಬೇಡ. ನಿಂತ ಕಡೆ ಅಂಟ್ಕೊಂಡು ಹರಿದೋಗುತ್ತೆ.”

ಹಳೇ ವಿಸಿಆರ್‌ನಿಂದ ಮೂರು ಬಣ್ಣದ ವೈರು ಬಂದು ಅಂಗೈಯಗಲದ ಒಂದು ರೆಕಾರ್ಡರ್‌ಗೆ ಸೇರುತ್ತವೆ. ರೆಕಾರ್ಡರ್‌ಗೆ ಪೆನ್‌ಡ್ರೈವ್ ಚುಚ್ಚಿ ಗುಂಡಿ ಒತ್ತಿದರೆ ಕೆಂಪು ಲೈಟು ಹತ್ತುತ್ತದೆ. ಲೈಟು ಹತ್ತಿದರೆ ಇಳಿಯುತ್ತಿದೆ ಎಂದು ಅರ್ಥ. ಹಾಗೆಂದು ನಾವು ನಂಬಿದ್ದೆವು. ಅದು ಹೊಸದಾಗಿ ತರಿಸಿದ ರೆಕಾರ್ಡರ್. ಅದುವರೆಗೆ ಅದರಲ್ಲಿ ಇಳಿಸಿದ್ದು ನಾಮಕರಣ, ಗೃಹಪ್ರವೇಶದಂಥ ಅರ್ಧ ಗಂಟೆಯ ಕ್ಯಾಸೆಟ್‌ಗಳನ್ನು ಮಾತ್ರ. ಇದು ಮೂರು ಗಂಟೆಯದು.

ಮೂರು ಗಂಟೆಯೂ ನಾನು ಟೀವಿಯ ಮುಂದೆ ಕೂತಿದ್ದೆ. ಪಟ್ಟಿ ಬರೆದೆ. ಒಂದು ಗಂಟೆ ಐದು ನಿಮಿಷಕ್ಕೆ ಧಾರೆ ಶುರು. ಒಂದು ನಲವತ್ತಮೂರರಿಂದ ನೆಂಟರು ಸಾಲಾಗಿ ಬಂದು ಅಕ್ಷತೆ ಹಾಕಿ ಫೋಟೊಗೆ ನಿಲ್ಲುವುದು. ಎರಡು ಹನ್ನೊಂದಕ್ಕೆ ಊಟದ ಪಂಕ್ತಿ. ಕುರ್ಚಿಯನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡೆ. ಎಲೆಗಳ ಸಾಲು, ಉಪ್ಪಿನಕಾಯಿ ಬಡಿಸುವ ಕೈ, ತಲೆ ಎತ್ತದೆ ಉಣ್ಣುವ ಗಂಡಸರು. ಎರಡು ಹತ್ತೊಂಬತ್ತಕ್ಕೆ ಕ್ಯಾಮೆರಾ ಅಡುಗೆಮನೆಯ ಬಾಗಿಲ ಕಡೆ ತಿರುಗಿತು. ಯಾರೂ ಇರಲಿಲ್ಲ. ‘ಬಾಗಿಲು, ಖಾಲಿ’ ಎಂದು ಬರೆದೆ. ಅಷ್ಟರಲ್ಲಿ ಯಾರೋ ಪಾಸ್‌ಪೋರ್ಟ್ ಫೋಟೊ ತೆಗೆದುಕೊಂಡು ಹೋಗಲು ಬಂದರು. ಕವರು ಹುಡುಕಿ ಕೊಟ್ಟು ತಿರುಗುವ ಹೊತ್ತಿಗೆ ಎರಡು ಇಪ್ಪತ್ತೈದು ಆಗಿತ್ತು.

ಟೀವಿಯಲ್ಲಿ ಒಬ್ಬ ಹೆಂಗಸು ಅನ್ನದ ಬುಟ್ಟಿ ಹಿಡಿದು ನಿಂತಿದ್ದಳು. ಲೈಟು ನೇರ ಮುಖಕ್ಕೆ. ಅವಳು ಕಣ್ಣು ಕಿರಿದು ಮಾಡಿ ನಕ್ಕಳು. ದುಂಡನೆಯ ಗದ್ದ.

ನಾನು ಪೆನ್ನು ಕೆಳಗಿಟ್ಟೆ. ಆಮೇಲೆ ಸಾವಕಾಶವಾಗಿ ನೋಡಬಹುದು, ಇಳಿಯುತ್ತಿದೆಯಲ್ಲ ಎಂದುಕೊಂಡೆ. ಕೆಂಪು ಲೈಟು ಹತ್ತಿಯೇ ಇತ್ತು.

ಕ್ಯಾಸೆಟ್ ಮುಗಿದ ಮೇಲೆ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಹಾಕಿದರೆ ಒಂದೇ ಫೈಲು. ನಲವತ್ತೆರಡು ನಿಮಿಷ. ವರಪೂಜೆಗೇ ನಿಂತುಹೋಗಿತ್ತು.

“ಪೆನ್‌ಡ್ರೈವ್ ಹೋಗಿದೆ” ಎಂದು ರವಿಯಣ್ಣ ಇನ್ನೊಂದು ದೊಡ್ಡದನ್ನು ತಂದರು. ಈ ಸಲ ಕೆಲಸಕ್ಕೆ ಬಾರದ ಬೇರೆ ಕ್ಯಾಸೆಟ್ ಹಾಕಿ ನೋಡಿದೆ. ಮತ್ತೆ ನಲವತ್ತೆರಡು ನಿಮಿಷ. ಎರಡು ಫೈಲುಗಳ ತೂಕವನ್ನೂ ಪಕ್ಕಪಕ್ಕದಲ್ಲಿ ಬರೆದೆ. ಎರಡೂ ನಾಲ್ಕು ಜಿಬಿಗೆ ಕೂದಲೆಳೆ ಕಡಿಮೆ.

“ಅಣ್ಣಾ, ಪೆನ್‌ಡ್ರೈವ್ ಸರಿ ಇದೆ. ಒಂದು ಫೈಲಿಗೆ ಇಷ್ಟೇ ಹಿಡಿಯೋದು ಅನ್ಸುತ್ತೆ. ತುಂಬಿದ ಮೇಲೆ ಬರೆಯೋದು ನಿಲ್ಲುತ್ತೆ, ಲೈಟು ಮಾತ್ರ ಉರೀತಾ ಇರುತ್ತೆ.”

ಅವರು ಮೈಸೂರಿನ ಸ್ನೇಹಿತರಿಗೆ ಫೋನ್ ಮಾಡಿದರು. ಅವರೂ ಅದನ್ನೇ ಹೇಳಿದರಂತೆ. ಪೆನ್‌ಡ್ರೈವನ್ನು ಬೇರೆ ಥರ ಫಾರ್ಮ್ಯಾಟ್ ಮಾಡಿದರೆ ಆ ಮಿತಿ ಇರುವುದಿಲ್ಲವಂತೆ. ಮಾಡಿದೆವು. ರೆಕಾರ್ಡರ್ ಅದನ್ನು ಗುರುತೇ ಹಿಡಿಯಲಿಲ್ಲ. ಕ್ವಾಲಿಟಿ ತಗ್ಗಿಸಿದರೆ ಮೂರು ಗಂಟೆಯೂ ಒಂದರಲ್ಲೇ ಹಿಡಿಯುತ್ತಿತ್ತು. ಆದರೆ ಮೊದಲೇ ಮಸುಕಾದ ಮುಖಗಳು ಕಲಸಿದ ಹಿಟ್ಟಿನಂತಾದವು. ಮೇಡಂಗೆ ಮುಖ ಬೇಕು. ನನಗೂ.

ಉಳಿದದ್ದು ಒಂದೇ ದಾರಿ. ಟೇಪು ಓಡುತ್ತಿರುವಾಗಲೇ, ನಲವತ್ತೆರಡು ನಿಮಿಷ ತುಂಬುವ ಮೊದಲು ನಾವೇ ಗುಂಡಿ ಒತ್ತಿ ಫೈಲು ಮುಚ್ಚಿ, ಇನ್ನೊಂದನ್ನು ತೆರೆಯುವುದು. ಮುಚ್ಚಿ ತೆರೆಯಲು ರೆಕಾರ್ಡರ್ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಅದೇ ಹಾಳು ಕ್ಯಾಸೆಟ್ಟಿನಲ್ಲಿ ಅಳೆದೆ. ಒಂಬತ್ತು ಸೆಕೆಂಡು. ಆರು ಸಲ ಅಳೆದೆ. ಆರು ಸಲವೂ ಒಂಬತ್ತು. ಅಷ್ಟು ಹೊತ್ತು ಟೀವಿಯಲ್ಲಿ ಓಡಿದ್ದು ಯಾವ ಫೈಲಿಗೂ ಬರುವುದಿಲ್ಲ.

“ನಾಲ್ಕು ಕಡೆ ಒಂಬತ್ತೊಂಬತ್ತು ಸೆಕೆಂಡು. ಮದುವೆ ವಿಡಿಯೋದಲ್ಲಿ ಯಾರಮ್ಮ ಲೆಕ್ಕ ಇಡ್ತಾರೆ?” ಎಂದರು ರವಿಯಣ್ಣ. “ಎಲ್ಲಿ ಮುರಿಬೇಕು ಅಂತ ನೀನೇ ನೋಡಿ ಬರೀ. ನಿನ್ನ ಹತ್ರ ಪಟ್ಟಿ ಇದೆಯಲ್ಲ.”

ಪಟ್ಟಿ ಹಿಡಿದು ಕೂತೆ. ಮೊದಲನೆಯದು ಮೂವತ್ತೊಂದನೇ ನಿಮಿಷಕ್ಕೆ, ಬರೀ ಚಪ್ಪರದ ಸೀರಿಯಲ್ ಲೈಟು ತೋರಿಸುವ ಕಡೆ. ಎರಡನೆಯದು ಒಂದು ಗಂಟೆ ಮೂರಕ್ಕೆ, ಧಾರೆಗೆ ಮುಂಚೆ. ಅಲ್ಲಿಂದ ಧಾರೆ ಮುಗಿಯುವವರೆಗೆ ಮುಟ್ಟುವಂತಿಲ್ಲ. ಮೂರನೆಯದು ಒಂದು ನಲವತ್ತಮೂರಕ್ಕೆ, ಧಾರೆ ಮುಗಿದು ನೆಂಟರ ಸಾಲು ಶುರುವಾಗುವ ಮುಂಚೆ. ನಾಲ್ಕನೆಯದಕ್ಕೆ ಕಷ್ಟವಾಯಿತು. ಒಂದು ನಲವತ್ತಮೂರಕ್ಕೆ ತೆರೆದ ಫೈಲು ಎರಡು ಇಪ್ಪತ್ತೈದಕ್ಕೆ ತುಂಬುತ್ತದೆ. ಆ ಹೆಂಗಸು ನಗುವುದೂ ಸರಿಯಾಗಿ ಆಗಲೇ. ಅದಕ್ಕೆ ಮುಂಚೆಯೇ ಮುರಿಯಬೇಕು. ನೆಂಟರ ಸಾಲಿನಲ್ಲಿ ಮುರಿದರೆ ಒಂದು ಸಂಸಾರವೇ ಹೋಗುತ್ತದೆ. ಈಗ ಅವರಲ್ಲಿ ಯಾರ್‍ಯಾರು ಇದ್ದಾರೋ ಇಲ್ಲವೋ. ಪಂಕ್ತಿಯಲ್ಲಿ ಉಣ್ಣುವವರಿಗೂ ಮುಖವಿದೆ. ಯಾರ ಮುಖವೂ ಇಲ್ಲದ ಜಾಗ ಒಂದೇ ಸಿಕ್ಕಿತು. ‘2:19. ಬಾಗಿಲು, ಖಾಲಿ.’

ಮಾರನೆಯ ದಿನ ಎರಡನೇ ಓಟ. ಹೇಗೋ ಮೊದಲಿಗೆ ಸುತ್ತಿದ ಟೇಪು ಕಿರುಗುಟ್ಟುತ್ತ ಓಡಿತು. ಎರಡು ಹತ್ತೊಂಬತ್ತಕ್ಕೆ ಗುಂಡಿ ಒತ್ತಿದೆ. ನನ್ನ ಕಣ್ಣು ಟೀವಿಯ ಮೇಲಿರಲಿಲ್ಲ. ಕೆಂಪು ಲೈಟು ಆರಿತು. ಮತ್ತೆ ಹತ್ತುತ್ತದೋ ಇಲ್ಲವೋ ಎಂದು ಅದನ್ನೇ ನೋಡುತ್ತ ಒಂದು, ಎರಡು ಎಂದು ಎಣಿಸಿದೆ. ಒಂಬತ್ತಕ್ಕೆ ಹತ್ತಿತು. ಇಪ್ಪತ್ತೈದನೇ ನಿಮಿಷಕ್ಕೆ ಆ ಹೆಂಗಸು ಬಂದು ನಕ್ಕಳು. ಈ ಸಲ ನಿಜವಾಗಿಯೂ ಇಳಿಯಿತು.

ಮುಗಿದ ಮೇಲೆ ಹಿಂದಕ್ಕೆ ಸುತ್ತಲು ಹಾಕಿದ ಕೂಡಲೇ ಪಟ್ ಎಂದಿತು. ಟೇಪು ಕೊನೆಯ ಹತ್ತಿರ ಹರಿದಿತ್ತು.

“ನಮಗೆ ಬೇಕಾದ್ದು ಇಳಿದಿದೆ” ಎಂದರು ರವಿಯಣ್ಣ. ತುದಿಗಳನ್ನು ಒಳಗೆ ತಳ್ಳಿ ಮುಚ್ಚಳ ಮುಚ್ಚಿದರು. “ಮನೇಲಿ ಯಾರು ಹಾಕಿ ನೋಡ್ತಾರೆ? ಸುಮ್ನಿರು.”

ಸುಮ್ಮನಿರುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮೇಡಂ ಬಂದು ಕ್ಯಾಸೆಟ್, ಪೆನ್‌ಡ್ರೈವ್ ಎರಡನ್ನೂ ತೆಗೆದುಕೊಂಡು ಹೋದರು.

ಆ ಸಂಜೆ ಊಟದ ಭಾಗವನ್ನು ಫೋನಿಗೆ ಹಾಕಿಕೊಂಡು ಮನೆಗೆ ಹೋದೆ. ಅಜ್ಜಿ ಕಾಲು ನೀಡಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು ನಗುವ ಹೆಂಗಸನ್ನು ತೋರಿಸಿದೆ.

ಅಜ್ಜಿ ಫೋನನ್ನು ದೂರ ಹಿಡಿದಳು, ಹತ್ತಿರ ಹಿಡಿದಳು.

“ಇದ್ಯಾರು?”

“ಅವ್ವ ಅಲ್ವಾ ಅಜ್ಜಿ?”

“ಅಯ್ಯೋ ನಿನ್ನ! ಇವ್ಳು ತಿಮ್ಮಯ್ಯನ ತಂಗಿ ಕಣ್ ಮಗಾ. ಇವ್ಳ ಅಲ್ಲು ನೋಡು, ಕ್ಯಾಮ್ರ ಕಂಡ್ರೆ ಅಂಗೇ ಬುಡೋಳು.”

ಸುಲಿದ ಅವರೆಕಾಳು ಅವಳ ಮಡಿಲಿನಿಂದ ಉರುಳಿದವು. ಆರಿಸುತ್ತ ಕೂತೆ. ಮುಖ ಎತ್ತಲಾಗಲಿಲ್ಲ. ಮೂರು ದಿನದಿಂದ ತಿಮ್ಮಯ್ಯನ ತಂಗಿಯ ಗದ್ದವನ್ನು ಕನ್ನಡಿಯಲ್ಲಿ ನನ್ನ ಗದ್ದಕ್ಕೆ ಹೋಲಿಸಿ ನೋಡಿದ್ದೆ.

“ಮೊದಲಿಂದ ಬುಡು, ನೋಡಾನ” ಎಂದಳು ಅಜ್ಜಿ. ಬಿಟ್ಟೆ. ಎಲೆ ಸಾಲು, ಉಪ್ಪಿನಕಾಯಿ, ಬಾಗಿಲು. ಬಾಗಿಲು ಕಂಡು ಇನ್ನೇನು ಫೈಲು ಮುಗಿಯಬೇಕು ಎನ್ನುವಾಗ ಅಜ್ಜಿ ನನ್ನ ಕೈ ಹಿಡಿದಳು.

“ನಿಲ್ಸು. ಒಸಿ ಇಂದಕ್ಕೆ ಓಗು. ಅಲ್ಲೇ. ಒಸ್ಲು ದಾಟ್ತಾ ಅದಲ್ಲ, ಆ ಕಾಲು. ಆ ಸೀರೆ ಅಂಚು ನಂದು. ನಾನೇ ಉಡ್ಸಿ ಕಳ್ಸಿದ್ದೆ, ಅವ್ಳದು ಒಗ್ದಾಕಿತ್ತು ಅಂತ.”

ಹೊಸ್ತಿಲ ಮೇಲೆ ಒಂದು ಪಾದ, ನೀಲಿ ಅಂಚು. ಅಲ್ಲಿಗೆ ಫೈಲು ಮುಗಿದಿತ್ತು. ಮುಂದಿನ ಫೈಲು ಹಾಕಿದೆ. ಬಕೆಟ್ ಹಿಡಿದು ಎಲೆಗಳ ನಡುವೆ ಬಗ್ಗಿ ಬಗ್ಗಿ ದೂರ ಹೋಗುವ ಒಂದು ಬೆನ್ನು. ಅದೇ ನೀಲಿ ಅಂಚು. ಅವಳು ತಿರುಗಲಿಲ್ಲ. ಚೌಕಟ್ಟು ದಾಟಿ ಹೋದಳು.

“ಇವ್ಳೇ” ಎಂದಳು ಅಜ್ಜಿ. “ಮೊಕ ಎಲ್ಲಿ ಮಗಾ? ಲೈಟು ಮೊಕಕ್ಕೇ ಬುಟ್ರು ಅಂದಿದ್ಲಲ್ಲ.”

ಮುಖ ಎಲ್ಲಿತ್ತೆಂದು ನನಗೆ ಗೊತ್ತಿತ್ತು. ಹೊಸ್ತಿಲಿಗೂ ಬೆನ್ನಿಗೂ ನಡುವೆ. ನಾನು ಕೆಂಪು ಲೈಟು ನೋಡುತ್ತ ಒಂಬತ್ತು ಎಣಿಸುತ್ತಿದ್ದಾಗ ಅವ್ವ ನನ್ನಿಂದ ಒಂದು ಮಾರು ದೂರದಲ್ಲಿ, ಟೀವಿಯಲ್ಲಿ, ನಿಂತಿದ್ದಳು.

ಮಾರನೆಯ ಬೆಳಿಗ್ಗೆ ರವಿಯಣ್ಣನಿಗೆ ಎಲ್ಲವನ್ನೂ ಹೇಳಿದೆ. ನರಸೀಪುರಕ್ಕೆ ಹೋಗಿ ಕ್ಯಾಸೆಟ್ ಕೇಳಿ ತರುತ್ತೇನೆ ಎಂದೆ. ಅವರು ಕುರ್ಚಿಯಿಂದ ಎದ್ದು ನಿಂತರು.

“ಹರಿದಿರೋದು ಹೇಳ್ಬೇಕಾಗುತ್ತೆ.”

“ಹೇಳ್ತೀನಿ ಅಣ್ಣಾ.”

“ಅಂಗಡಿ ಮರ್ಯಾದೆ ಕಣಮ್ಮ.” ಮತ್ತೆ ಕುರ್ಚಿಯಲ್ಲಿ ಕೂತರು. “ಹೋಗು. ರವಿನೇ ಸುಮ್ನಿರು ಅಂದ ಅಂತ್ಲೂ ಹೇಳು. ನಿನ್ನ ಮೇಲೆ ಹಾಕ್ಕೊಬೇಡ.” ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕೇಳಿಸಿತು. “ಇದು ಯಾವ ತಿಂಗಳ ಮಾತೇ ಪಲ್ಲವೀ? ಒಂದು ವರ್ಷದ್ದು ಒಟ್ಟಿಗೆ ಆಡ್ಬಿಟ್ಟೆ.”

ಬಸ್ಸಿನಲ್ಲಿ ಉದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ವನಜಾಕ್ಷಿ ಮೇಡಂ ಬಾಗಿಲು ತೆಗೆದ ಕೂಡಲೇ ಜೋಡಿಸಿದ್ದೆಲ್ಲ ಚದುರಿಹೋಯಿತು. ಹಜಾರದಲ್ಲಿ ಅವರ ತಂದೆಯ ಫೋಟೊಗೆ ಸೇವಂತಿಗೆ ಹಾರ ಹಾಕಿತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಧಾರೆ ಎರೆದ ಮೇಲೆ ಅವರು ಶಲ್ಯದ ತುದಿಯಲ್ಲಿ ಕಣ್ಣೊರೆಸಿಕೊಳ್ಳುವುದನ್ನು ಎರಡು ಸಲ ನೋಡಿದ್ದೆ.

“ಕೂತ್ಕೊಳಮ್ಮ. ಏನು ಬಂದದ್ದು?”

“ಟೇಪು ಹರಿದುಹೋಗಿದೆ ಮೇಡಂ. ನಾವು ಹೇಳಲಿಲ್ಲ.”

“ನಿಮಗೆ ಕೊಡುವಾಗ್ಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ಆಗ್ಲೇ ಹೇಳ್ಬೋದಿತ್ತಲ್ಲ. ನಾನೇನು ಹೊಡಿತಿದ್ನಾ?”

ಒಳಗೆ ಎಲ್ಲೋ ಕುಕ್ಕರ್ ಕೂಗಿತು. ಅವರು ಎದ್ದು ಹೋಗಿ ಒಲೆ ಆರಿಸಿ ಬಂದರು. ಆಗ ನಾನು ಉಳಿದದ್ದನ್ನು ಹೇಳಿದೆ. ಅವ್ವನ ಬಗ್ಗೆ, ತಲೆ ತಗ್ಗಿಸಿದ ಫೋಟೊ ಬಗ್ಗೆ, ಖಾಲಿ ಎಂದು ಬರೆದ ಬಾಗಿಲಿನ ಬಗ್ಗೆ. ಒಂದರ ಹಿಂದೆ ಒಂದು ಬರಲಿಲ್ಲ. ಹಿಂದುಮುಂದಾಗಿ ಬಂತು.

ಅವರು ಪೂರ್ತಿ ಕೇಳಿದರು. “ಬಡಿಸೋಕೆ ಬಂದಿದ್ರಾ? ಏನು ಹೆಸರು?”

“ಕೋಮಲ.”

“ನನಗೆ ಗುರುತಿಲ್ಲ ಕಣಮ್ಮ. ಇದೆ ಅಂತ ಸುಳ್ಳು ಹೇಳಬಾರದು. ಅವತ್ತು ನಾನು ಯಾರ ಮುಖಾನೂ ನೋಡಲಿಲ್ಲ.” ಆಮೇಲೆ ಕೇಳಿದರು, “ಆ ತುಂಡು ಮಾಡಿದ ಜಾಗಗಳನ್ನ ಯಾರು ಆರಿಸಿದ್ದು?”

“ನಾನೇ.”

“ಅಪ್ಪನದು ಒಂದು ಚೂರೂ ತುಂಡಾಗಿಲ್ಲ. ನಿನ್ನೆ ಮೂರು ಸಲ ನೋಡಿದೆ.”

ಒಳಗೆ ಹೋಗಿ ಕ್ಯಾಸೆಟ್ ತಂದು ಎರಡೂ ಕೈಯಲ್ಲಿ ಕೊಟ್ಟರು. “ಹರಿದ್ರೆ ಹರೀಲಿ. ಉಳಿದ ಟೇಪು ಏನಾದ್ರೂ ಆಗ್ಲಿ. ಪ್ರಯತ್ನ ಮಾಡು.”

ಐದು ಸ್ಕ್ರೂ ಬಿಚ್ಚಿ ಕ್ಯಾಸೆಟ್ ತೆರೆಯುವುದನ್ನು ರವಿಯಣ್ಣ ಕಲಿಸಿದರು. ಸುಕ್ಕಾದ ಒಂದು ಗೇಣು ಕತ್ತರಿಸಿ ತೆಗೆದು, ಎರಡು ತುದಿ ಸೇರಿಸಿ, ಹಿಂಬದಿಗೆ ತೆಳುವಾದ ಅಂಟುಪಟ್ಟಿ ಹಚ್ಚಬೇಕು. ಅವರು ಕತ್ತರಿಯನ್ನು ನನ್ನ ಕಡೆಗೆ ಸರಿಸಿದರು. “ಅಭ್ಯಾಸ ತಪ್ಪಿದೆ. ನೀನೇ ಮಾಡು.” ನಾನು ಮಾಡಿದೆ. ರೇಷ್ಮೆ ಎಳೆಗಿಂತ ಇದು ಎಷ್ಟೋ ದಪ್ಪ. ಮತ್ತೆ ಯಂತ್ರದ ಬಲಕ್ಕೆ ಕೊಡಲು ಧೈರ್ಯವಾಗಲಿಲ್ಲ. ಚಕ್ರಕ್ಕೆ ಬೆರಳು ಕೊಟ್ಟು ಕೈಯಲ್ಲೇ ಹಿಂದಕ್ಕೆ ಸುತ್ತಿದೆ. ಕೊನೆಯಿಂದ ಎರಡು ಹತ್ತೊಂಬತ್ತಕ್ಕೂ ಹಿಂದೆ ಬರಬೇಕಿತ್ತು. ಬೆಳಿಗ್ಗೆ ಕೂತದ್ದು, ಊಟದ ಹೊತ್ತಾಯಿತು. ತೋರುಬೆರಳು ಬಾತುಕೊಂಡಿತು.

ಒಂದೇ ಸಲ ಓಡೀತು ಎಂದು ಗೊತ್ತಿದ್ದರಿಂದ ಅಜ್ಜಿಯನ್ನು ಆಟೋದಲ್ಲಿ ಕರೆತಂದಿದ್ದೆ. ಗಿರಾಕಿಗಳು ಕೂರುವ ಬೆಂಚನ್ನು ರವಿಯಣ್ಣ ಟೀವಿಯ ಮುಂದಕ್ಕೆ ಎಳೆದರು. ಅಂಗಡಿಯ ಶಟರ್ ಅರ್ಧ ಇಳಿಸಿದರು. ಹೊಸ ಫೈಲು ತೆರೆದರು. ನಾನು ರೆಕಾರ್ಡರ್ ಹತ್ತಿರ ಹೋಗಿ ನಿಂತೆ.

“ಈ ಕಡೆ ಬಾ” ಎಂದರು ಅವರು. “ಲೈಟು ನಾನು ನೋಡ್ಕೋತೀನಿ. ನೀನು ಟೀವಿ ನೋಡು.”

ಅಜ್ಜಿಯ ಪಕ್ಕ ಕೂತೆ. ಮೊದಲು ಬರೀ ಗೆರೆ, ಕರಕರ ಸದ್ದು. ಆಮೇಲೆ ಎಲೆ ಸಾಲು ಮೂಡಿತು. ಉಪ್ಪಿನಕಾಯಿ ಬಡಿಸುವ ಕೈ. ಕ್ಯಾಮೆರಾ ತಿರುಗಿತು. ಬಾಗಿಲು. ಹೊಸ್ತಿಲ ಮೇಲೆ ಪಾದ.

ಅವ್ವ ಹೊರಗೆ ಬಂದಳು.

ಬಲಗೈಯಲ್ಲಿ ಸಾಂಬಾರಿನ ಬಕೆಟ್ಟು. ಹೊಟ್ಟೆ ಸ್ವಲ್ಪ ಮುಂದೆ. ಲೈಟು ಮುಖಕ್ಕೆ ಬಿದ್ದೊಡನೆ ನಿಂತುಬಿಟ್ಟಳು. ನಗಲಿಲ್ಲ. ಸೆರಗು ಎಳೆದುಕೊಳ್ಳಲಿಲ್ಲ. ದಾರಿ ಬಿಡಬೇಕೋ, ಹೋಗಬೇಕೋ ತಿಳಿಯದವಳಂತೆ ನೆಟ್ಟಗೆ ನೋಡಿದಳು. ಕೆಳಗಿನಿಂದ ಮೇಲಕ್ಕೆ ಒಂದು ಬಿಳಿ ಗೆರೆ ಅವಳ ಮುಖವನ್ನು ದಾಟಿ ಹೋಯಿತು. ಅಗಲವಾದ ಹಣೆ. ಕಣ್ಣಿನ ಕೆಳಗೆ ಬೆವರು. ಇಪ್ಪತ್ತೊಂದು ವರ್ಷದ ಹುಡುಗಿ. ನನಗಿಂತ ಚಿಕ್ಕವಳು.

ಅಜ್ಜಿ ಬೆಂಚಿನಿಂದ ಮುಂದಕ್ಕೆ ಬಾಗಿದಳು. ಅವಳ ಕೈ ನನ್ನ ತೊಡೆಯ ಮೇಲಿತ್ತು.

“ನಿಂತ್ಕಂಡ್ಯಲ್ಲವ್ವಾ” ಎಂದಳು, ಟೀವಿಗೆ. “ಸಾರು ಆರೋಯ್ತದೆ. ಓಗು, ಬಡ್ಸೋಗು.”

ಅವ್ವ ಬಕೆಟ್ಟನ್ನು ಎಡಗೈಗೆ ಬದಲಾಯಿಸಿಕೊಂಡು, ತಿರುಗಿ, ಎಲೆಗಳ ಕಡೆ ಹೋದಳು.